ಅಡಿಯುದ್ದದ ರೈಲು ಕಂಬಿ, 70 ಡಾಲರ್: ಅಂಗಡಿಯವರು ಹೇಳಿದ್ದೊಂದು, ಕಂಬಿ ಹೇಳಿದ್ದೊಂದು

ಮೊದಲು ವಿಷಯ ಹೇಳಿಬಿಡುತ್ತೇನೆ. ನಾನು ಕೊಂಡಿದ್ದು ಒಂದು ತುಂಡು ರೈಲು ಕಂಬಿ. ಆಟದ ಸಾಮಾನಲ್ಲ, ಶೋಕೇಸಿಗೆ ಅಂತ ಮಾಡಿದ್ದೂ ಅಲ್ಲ. ರೈಲು ಓಡಿ ಸವೆದ ಹಳಿಯನ್ನು ಅಡಿಗಿಂತ ಚೂರು ಜಾಸ್ತಿ ಉದ್ದಕ್ಕೆ ಕತ್ತರಿಸಿ ಮಾರುತ್ತಾರಲ್ಲ, ಅದು. ಪೆನ್ಸಿಲ್ವೇನಿಯಾದಲ್ಲಿ ಆಲ್ಟೂನಾ ಕಡೆ ಹೋಗುವ ದಾರಿಯಲ್ಲಿ ಒಂದು ಹಳೇ ಸಾಮಾನಿನ ಅಂಗಡಿ. ಅಂಗಡಿಯಜ್ಜ 95 ಡಾಲರ್ ಅಂದರು, ನಾನು 60 ಅಂದೆ, 70ಕ್ಕೆ ಮುಗಿಯಿತು. ಡಿಕ್ಕಿಗೆ ಹಾಕುವಾಗ ಅಮ್ಮ ಕೇಳಿದ್ದು ಒಂದೇ ಮಾತು. "ದುಡ್ಡು ಕೊಟ್ಟು ತುಕ್ಕು ತಗೊಂಡ್ಯೇನೋ?"

ಅಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ನಮ್ಮೂರು ಭದ್ರಾವತಿ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ, ಕಾದ ಉಕ್ಕನ್ನು ರೋಲುಗಳ ನಡುವೆ ಒತ್ತಿ ಎಳೆಯುವ ರೋಲಿಂಗ್ ಮಿಲ್ಲಿನಲ್ಲಿ ದುಡಿದು ರಿಟೈರ್ ಆದವರು. ನಾನು ಓದಿದ ಪ್ರೈಮರಿ ಶಾಲೆಯಲ್ಲಿ ಗಂಟೆ ಅಂದರೆ ಗಂಟೆಯಲ್ಲ, ಹುಣಸೆ ಮರಕ್ಕೆ ತಂತಿ ಕಟ್ಟಿ ನೇತುಹಾಕಿದ ರೈಲು ಕಂಬಿ ತುಂಡು. ನಿಮ್ಮಲ್ಲಿ ಅರ್ಧ ಜನರ ಶಾಲೆಯಲ್ಲೂ ಅದೇ ಇತ್ತು, ಅಲ್ವಾ? ಜವಾನ ಒಂದು ಸಣ್ಣ ಕಬ್ಬಿಣದ ರಾಡಿನಿಂದ ಬಾರಿಸುತ್ತಿದ್ದ. ಮನೆಗೆ ಬಿಡುವ ಗಂಟೆಯಾದರೆ ಢಣಢಣಢಣ ಅಂತ ಒಂದೇ ಸಮ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಹಾಗಾಗಿ ಅಂಗಡಿಯ ಮೂಲೆಯಲ್ಲಿ, ಹಳೇ ಲಾಂದ್ರಗಳ ಕೆಳಗೆ ಈ ತುಂಡು ಬಿದ್ದಿದ್ದು ಕಂಡಾಗ ಕಾಲು ಮುಂದೆ ಹೋಗಲಿಲ್ಲ.

ಅದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿದ್ದರು. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾರ್ಖಾನೆಯ ಮೊಟ್ಟಮೊದಲ ಕಂಬಿಗಳಲ್ಲಿ ಒಂದು, 1875 ಅಂತ. ಬೆಲೆ ಏರಿದ್ದೇ ಆ ಚೀಟಿಯಿಂದ. ಅಂಗಡಿಯಲ್ಲಿ ಬೆಳಕು ಕಡಿಮೆ, ಕಂಬಿಯ ಮೇಲೆ ಒಂದು ಪದರ ತುಕ್ಕು, ಜಿಡ್ಡು. ಸುಮ್ನೆ ನಂಬಿ ತಂದೆ.

ಮನೆಗೆ ಬಂದು ವೈರ್ ಬ್ರಷ್ ಹಿಡಿದು ಕೂತೆ. ಮುಕ್ಕಾಲು ಗಂಟೆ ಉಜ್ಜಿದ ಮೇಲೆ ಅಕ್ಷರ ಎದ್ದವು. ಮೊದಲಿಗೆ ಎರಡು ಇಂಗ್ಲಿಷ್ ಅಕ್ಷರ, ಐ ಮತ್ತು ಇ. ಅಂದರೆ ಕಾರ್ನೆಗಿ ಅನ್ನುವ ಹೆಸರಿನ ಬಾಲ, ತಲೆಯನ್ನು ಗರಗಸ ತಿಂದಿದೆ. ಆಮೇಲೆ 1911. ಆಮೇಲೆ ಇ.ಟಿ. ಆಮೇಲೆ ನಿಂತ ಗೆರೆಗಳು, ಒಂದರ ಪಕ್ಕ ಒಂದು, ಒಟ್ಟು ಐದು. ಅಲ್ಲಿಗೆ ತುಂಡು ಮುಗಿಯುತ್ತದೆ.

1911! 1875 ಎಲ್ಲಿ, 1911 ಎಲ್ಲಿ. 36 ವರ್ಷ ಸುಳ್ಳು. ಅಷ್ಟೇ ಅಲ್ಲ, ಆ ಗೆರೆಗಳು ತಿಂಗಳ ಲೆಕ್ಕ. ಒಂದು ಗೆರೆ ಜನವರಿ, ಎರಡು ಗೆರೆ ಫೆಬ್ರವರಿ, ಹೀಗೆ. ಅಮೆರಿಕದ ಹಳೇ ಕಂಬಿಗಳಲ್ಲಿ ಇದೇ ರೂಢಿ. ನನ್ನದರಲ್ಲಿ ಐದು ಗೆರೆ ಇವೆ, ಮುಂದಿನದು ಕತ್ತರಿಸಿ ಹೋಗಿದೆ. ಮೇ ಇರಬಹುದು, ಡಿಸೆಂಬರೂ ಇರಬಹುದು. ಕತ್ತರಿಸಿದ ಪುಣ್ಯಾತ್ಮ ನಾಲ್ಕು ಇಂಚು ಆಚೆ ಗರಗಸ ಇಟ್ಟಿದ್ದರೆ ಏನು ಹೋಗುತ್ತಿತ್ತು? ನಾನು ಕೊಡುವ ಐದು ಸ್ಟಾರಿನಲ್ಲಿ ಒಂದು ಇಲ್ಲಿಗೇ ಕಟ್.

ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಅವರು ವರ್ಷ ಕೇಳಲೇ ಇಲ್ಲ. "ಅಕ್ಷರ ಉಬ್ಬಿದೆಯಾ, ಒಳಗೆ ಇಳಿದಿದೆಯಾ, ಬೆರಳಾಡಿಸಿ ನೋಡು" ಅಂದರು. ಉಬ್ಬಿತ್ತು. "ಹಾಗಾದ್ರೆ ಅಸಲಿ. ರೋಲಿಗೇ ಅಕ್ಷರ ಕೊರೆದಿರ್ತಾರೆ, ಕೆಂಪಗಿರೋ ಕಂಬಿ ಅದರಡಿ ಹಾದು ಹೋಗುವಾಗ ಅಕ್ಷರ ಉಬ್ಬಿ ಬರುತ್ತೆ. ಆಮೇಲೆ ಪಂಚ್ ಹೊಡೆದಿದ್ದರೆ ಒಳಗೆ ಇಳಿದಿರುತ್ತೆ. ಹಿಂದೆ ತಿರುಗಿಸು, ಹೀಟ್ ನಂಬರ್ ಇರಬೇಕು." ತಿರುಗಿಸಿದೆ. ಇತ್ತು, ಒಳಗೆ ಇಳಿದ ಅಂಕಿಗಳು, ಅರ್ಧಂಬರ್ಧ. ಯಾವ ಸಲದ ಉಕ್ಕು ಅಂತ ಗುರುತು. ಎಂಟು ಸಾವಿರ ಮೈಲಿ ಆಚೆ ಕೂತು ಫೋನಿನ ಚಿತ್ರ ನೋಡಿ ಹೇಳಿದರು ನೋಡಿ. ಮೋಸ ಚೀಟಿಯದು, ಕಂಬಿಯದಲ್ಲ.

ಈಗ ಆ ಇ.ಟಿ. ಎರಡು ಅಕ್ಷರಕ್ಕೇ ನಾನು 70 ಡಾಲರ್ ಕೊಟ್ಟೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ. ಇ.ಟಿ. ಅಂದರೆ ಎಡ್ಗರ್ ಥಾಮ್ಸನ್. ಪಿಟ್ಸ್‌ಬರ್ಗ್ ಪಕ್ಕ ಬ್ರ್ಯಾಡಕ್ ಅನ್ನುವ ಊರಿನಲ್ಲಿ, ಮನಾಂಗಹೀಲಾ ನದಿಯ ದಂಡೆಯಲ್ಲಿ ಕಾರ್ನೆಗಿ ಕಟ್ಟಿದ ಉಕ್ಕಿನ ಕಾರ್ಖಾನೆಯ ಹೆಸರು ಅದು. ಆದರೆ ಈ ಜೆ. ಎಡ್ಗರ್ ಥಾಮ್ಸನ್ ಉಕ್ಕಿನವರೇ ಅಲ್ಲ. ಪೆನ್ಸಿಲ್ವೇನಿಯಾ ರೈಲು ಕಂಪನಿಯ ಅಧ್ಯಕ್ಷರು. ಕಂಬಿ ಮಾಡುವವನು ಕಂಬಿ ಕೊಳ್ಳುವವರ ಹೆಸರನ್ನೇ ಕಾರ್ಖಾನೆಗೆ ಇಟ್ಟ. ನಮ್ಮ ಕಡೆ ಗುತ್ತಿಗೆದಾರರು ಕಲ್ಯಾಣ ಮಂಟಪಕ್ಕೆ ಮಂತ್ರಿಯ ಹೆಸರಿಡುತ್ತಾರಲ್ಲ, ಅದೇ ಜಾಣತನ.

ಕಾರ್ನೆಗಿಗೆ ರೈಲಿನವರ ಬಾಗಿಲು ಹೊಸದೇನಲ್ಲ. 1848ರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಬಡ ನೇಕಾರರ ಹುಡುಗ. ಹತ್ತಿ ಮಿಲ್ಲಿನಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿ, ಆಮೇಲೆ ಟೆಲಿಗ್ರಾಫ್ ಆಫೀಸು. 1853ರಲ್ಲಿ ಪೆನ್ಸಿಲ್ವೇನಿಯಾ ರೈಲಿನ ಟಾಮ್ ಸ್ಕಾಟ್ ಅವನನ್ನು ತಿಂಗಳಿಗೆ 35 ಡಾಲರ್ ಕೊಟ್ಟು ಟೆಲಿಗ್ರಾಫ್ ಗುಮಾಸ್ತನಾಗಿ ಇಟ್ಟುಕೊಂಡರು. 1859ಕ್ಕೆ ಪಿಟ್ಸ್‌ಬರ್ಗ್ ವಿಭಾಗಕ್ಕೇ ಸೂಪರಿಂಟೆಂಡೆಂಟ್. 1865ರಲ್ಲಿ ಬಿಟ್ಟ. ಹನ್ನೆರಡು ವರ್ಷ ರೈಲಿನ ಅನ್ನ ತಿಂದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ರೈಲಿನವರ ತಲೆನೋವು ಎಲ್ಲಿದೆ ಅಂತ.

ತಲೆನೋವು ಎಲ್ಲಿತ್ತು ಅಂತ ನನ್ನ ಕಂಬಿಯನ್ನೇ ನೋಡಿ ಹೇಳಬಹುದು. ಅದರ ತಲೆ ಎರಡೂ ಕಡೆ ಒಂದೇ ಥರ ಇಲ್ಲ. ಒಂದು ಬದಿ ದುಂಡಗೆ, ನೀಟಾಗಿದೆ. ಇನ್ನೊಂದು ಬದಿ ಕೊಯ್ದ ಹಾಗೆ ಓರೆಯಾಗಿ ಸವೆದಿದೆ, ಚಾಕುವಿನಲ್ಲಿ ಬೆಣ್ಣೆ ಕೆತ್ತಿದಂತೆ. ಅಂದರೆ ಇದು ಯಾವುದೋ ತಿರುವಿನಲ್ಲಿ, ಹೊರಗಿನ ಹಳಿಯಾಗಿ ಮಲಗಿತ್ತು. ತಿರುವಿನಲ್ಲಿ ಗಾಲಿಯ ಅಂಚು ಹೊರಗಿನ ಹಳಿಯನ್ನೇ ಒತ್ತಿಕೊಂಡು ಹೋಗುತ್ತದೆ. ಉಕ್ಕಿನ ಕಂಬಿಯೇ ಹೀಗೆ ಸವೆದರೆ ಅದಕ್ಕೂ ಮುಂಚಿನ ಬರೀ ಕಬ್ಬಿಣದ ಕಂಬಿಯ ಪಾಡು ಯೋಚಿಸಿ. ಪೆನ್ಸಿಲ್ವೇನಿಯಾ ರೈಲಿನಲ್ಲಿ ಜಾಸ್ತಿ ಓಡಾಟ ಇದ್ದ ಕಡೆ, ತಿರುವುಗಳಲ್ಲಿ, ಕಬ್ಬಿಣದ ಕಂಬಿ ವರ್ಷ ತುಂಬುವ ಮೊದಲೇ ಪದರ ಪದರ ಬಿಚ್ಚಿಕೊಳ್ಳುತ್ತಿತ್ತು. ಹಾಕು, ತೆಗಿ, ಹಾಕು. ಅದಕ್ಕೇ 1860ರ ದಶಕದ ಮೊದಲಲ್ಲೇ ಥಾಮ್ಸನ್ ಇಂಗ್ಲೆಂಡಿನಿಂದ ಉಕ್ಕಿನ ಕಂಬಿ ತರಿಸಿ ಹಾಕಿ ನೋಡಿದ್ದರು. ಬಾಳಿಕೆ ಎಷ್ಟೋ ಪಾಲು ಜಾಸ್ತಿ. ಬೆಲೆಯೂ ಹಾಗೇ.

ಈ ತಿರುವಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಂಗಡಿಗೆ ಹೋಗುವ ಮೊದಲು ನಾವು ಆಲ್ಟೂನಾ ಹತ್ತಿರದ ಹಾರ್ಸ್‌ಶೂ ಕರ್ವ್‌ಗೆ ಹೋಗಿದ್ದೆವು. ಕುದುರೆ ಲಾಳದ ತಿರುವು. ನಮ್ಮ ಸಕಲೇಶಪುರ ಘಾಟಿಯ ರೈಲು ಕಂಡವರಿಗೆ ಬೆಟ್ಟ ಏನೂ ಅನ್ನಿಸಲ್ಲ, ಆದರೆ ತಿರುವು ಮಾತ್ರ ಭರ್ಜರಿ. ಸುಮಾರು 220 ಡಿಗ್ರಿ ಸುತ್ತಿ ಬರುತ್ತದೆ. ಉದ್ದನೆ ಗೂಡ್ಸ್ ಬಂದರೆ ಎಂಜಿನ್ ಒಂದು ಕಡೆ ಹೋಗುತ್ತಿರುತ್ತದೆ, ಬಾಲ ಎದುರು ದಿಕ್ಕಿಗೆ ಹೋಗುತ್ತಿರುತ್ತದೆ, ಮಧ್ಯದಲ್ಲಿ ನೀವು. 1854ರಲ್ಲಿ ತೆರೆದದ್ದು. ದಾರಿ ಗುರುತಿಸಿ ಹಾಕಿದ್ದು ಯಾರು ಗೊತ್ತಾ? ಇದೇ ಥಾಮ್ಸನ್, ಆಗ ಕಂಪನಿಯ ಮುಖ್ಯ ಎಂಜಿನಿಯರ್ ಆಗಿದ್ದವರು. ಅದಕ್ಕೂ ಮುಂಚೆ ಈ ಬೆಟ್ಟ ದಾಟಿಸಲು ಇಳಿಜಾರಿನಲ್ಲಿ ಹಗ್ಗ ಕಟ್ಟಿ, ಮೇಲೊಂದು ಉಗಿ ಎಂಜಿನ್ ಇಟ್ಟು ಬಂಡಿಗಳನ್ನು, ಕಾಲುವೆ ದೋಣಿಗಳನ್ನು ಕೂಡ ಎಳೆಯುತ್ತಿದ್ದರು. ದೋಣಿ ಬೆಟ್ಟ ಹತ್ತುವುದು! ಅಮ್ಮ ಅಲ್ಲಿ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿದರು. ಚಿತ್ರಾನ್ನ ಮುಗಿಯುವಷ್ಟರಲ್ಲಿ ಮೂರು ಗೂಡ್ಸ್ ಹೋದವು. ಗಾಲಿ ಕಿರ್ರೋ ಅಂತ ಉಜ್ಜುವ ಸದ್ದು ಕೇಳಿದರೆ ಹಳಿ ಯಾಕೆ ಸವೆಯುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಕಂಬಿ ಅಲ್ಲಿಯದೇ ಅಂತ ನಾನು ಹೇಳಲಾರೆ. ಅಂಗಡಿಯಜ್ಜ ಹೇಳುತ್ತಾರೆ. ಚೀಟಿ ನೋಡಿದ ಮೇಲೆ ನಂಬಿಕೆ ಅಷ್ಟಕ್ಕಷ್ಟೇ.

ಸರಿ, ಉಕ್ಕಿಗೆ ಬರೋಣ. ಉಕ್ಕು ಮೊದಲಿನಿಂದಲೂ ಇತ್ತು, ಕತ್ತಿಗೆ, ಚಾಕುವಿಗೆ, ಸ್ಪ್ರಿಂಗಿಗೆ. ಟನ್‌ಗಟ್ಟಲೆ ಮಾಡುವ ದಾರಿ ಇರಲಿಲ್ಲ ಅಷ್ಟೇ. ಇಂಗ್ಲೆಂಡಿನಲ್ಲಿ ಹೆನ್ರಿ ಬೆಸೆಮರ್ 1856ರಲ್ಲಿ ಒಂದು ದಾರಿ ತೋರಿಸಿದರು. ದೊಡ್ಡ ಗುಡಾಣದಂಥ ಪಾತ್ರೆಯಲ್ಲಿ ಕರಗಿದ ಬೀಡು ಕಬ್ಬಿಣ ಹಾಕಿ, ಕೆಳಗಿನಿಂದ ಗಾಳಿ ಊದುವುದು. ತಣ್ಣನೆ ಗಾಳಿ ಊದಿದರೆ ಆರಿಹೋಗಬೇಕಲ್ವಾ? ಆರಲ್ಲ. ಕಬ್ಬಿಣದೊಳಗಿನ ಸಿಲಿಕಾನ್, ಇಂಗಾಲವೇ ಉರಿದು ಇನ್ನೂ ಬಿಸಿಯಾಗುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬಾಯಿಂದ ಏಳುವ ಬೆಂಕಿಯ ಬಣ್ಣ ನೋಡಿ ಯಾವಾಗ ನಿಲ್ಲಿಸಬೇಕು ಅಂತ ಹೇಳುವ ಕೆಲಸಗಾರನೇ ಅಲ್ಲಿ ದೇವರು. ಹೆಚ್ಚುಕಡಿಮೆ ಇದೇ ಹೊತ್ತಿಗೆ ಅಮೆರಿಕದ ಕೆಂಟಕಿಯಲ್ಲಿ ವಿಲಿಯಂ ಕೆಲ್ಲಿ ಅನ್ನುವವರೂ ಹೀಗೇ ಗಾಳಿ ಊದಿ ನೋಡುತ್ತಿದ್ದರು. ಪೇಟೆಂಟ್ ಜಗಳ ಬಹಳ ದಿನ ನಡೆಯಿತು, ಅದು ಬಿಡಿ.

ಕಾರ್ನೆಗಿಯೇ ಮೊದಲಿಗ ಅಂತ ಚೀಟಿ ಬರೆಯುವವರು ಇನ್ನೊಂದು ತಿಳಿಯಬೇಕು. ಅಮೆರಿಕದಲ್ಲಿ ವ್ಯಾಪಾರಕ್ಕೆ ಅಂತ ಉಕ್ಕಿನ ಕಂಬಿ ಎಳೆದದ್ದು 1867ರಲ್ಲಿ, ಜಾನ್ಸ್‌ಟೌನ್‌ನ ಕೇಂಬ್ರಿಯಾ ಕಾರ್ಖಾನೆಯಲ್ಲಿ. ಅದಕ್ಕೆ ಉಕ್ಕು ಬಂದದ್ದು ಹ್ಯಾರಿಸ್‌ಬರ್ಗ್ ಪಕ್ಕದ ಪೆನ್ಸಿಲ್ವೇನಿಯಾ ಸ್ಟೀಲ್ ಕಂಪನಿಯಿಂದ. ಆ ಕಂಪನಿಗೆ ಬೆನ್ನಿಗೆ ನಿಂತದ್ದು ಯಾರು? ಮತ್ತೆ ಅದೇ ಪೆನ್ಸಿಲ್ವೇನಿಯಾ ರೈಲು. ಕಾರ್ನೆಗಿ ಬಂದದ್ದು ತಡವಾಗಿ, ಆದರೆ ಊಟಕ್ಕೆ ಸರಿಯಾದ ಹೊತ್ತಿಗೆ. 1870ರಲ್ಲಿ ಸರಕಾರ ಹೊರಗಿನಿಂದ ಬರುವ ಉಕ್ಕಿನ ಕಂಬಿಗೆ ಟನ್ನಿಗೆ 28 ಡಾಲರ್ ಸುಂಕ ಹಾಕಿತ್ತು. ಇಂಗ್ಲೆಂಡಿನ ಕಂಬಿ ತುಟ್ಟಿಯಾಯಿತು, ಇಲ್ಲಿಯವರಿಗೆ ಜಾಗ ಸಿಕ್ಕಿತು.

ಬ್ರ್ಯಾಡಕ್ ಕಾರ್ಖಾನೆ ಕಟ್ಟಲು ಶುರು ಮಾಡಿದ್ದು 1873ರಲ್ಲಿ. ಅದೇ ವರ್ಷ ಮಾರುಕಟ್ಟೆ ಮಕಾಡೆ ಮಲಗಿತು. ನಾರ್ದರ್ನ್ ಪೆಸಿಫಿಕ್ ರೈಲಿಗೆ ದುಡ್ಡು ಸುರಿದ ಜೇ ಕುಕ್ ಬ್ಯಾಂಕು ಬಾಗಿಲು ಹಾಕಿತು, ರೈಲು ಕಂಪನಿಗಳು ಸಾಲಾಗಿ ಬಿದ್ದವು. ಕಾರ್ನೆಗಿ ಮಾತ್ರ ಕಟ್ಟುವುದು ಬಿಡಲಿಲ್ಲ. ಬರಗಾಲದಲ್ಲಿ ಇಟ್ಟಿಗೆ ಅಗ್ಗ, ಕೂಲಿ ಅಗ್ಗ. ನಕ್ಷೆ ಹಾಕಿದ್ದು ಅಲೆಕ್ಸಾಂಡರ್ ಹಾಲಿ, ಅಮೆರಿಕದ ಬೆಸೆಮರ್ ಕಾರ್ಖಾನೆಗಳ ಗುರು. ಅವರು ಕಟ್ಟಡ ಹಾಕಿ ಅದರೊಳಗೆ ಹಳಿ ತೂರಿಸಲಿಲ್ಲ. ಕಚ್ಚಾ ಸಾಮಾನು ಎಲ್ಲಿಂದ ಬರಬೇಕು, ಕಂಬಿ ಎಲ್ಲಿಂದ ಹೊರಡಬೇಕು ಅಂತ ಮೊದಲು ಓಡಾಟದ ದಾರಿ ನೋಡಿ, ಅದರ ಸುತ್ತ ಕಾರ್ಖಾನೆ ಕೂರಿಸಿದರು. 1875ರ ಆಗಸ್ಟಿನಲ್ಲಿ ಮೊದಲ ಉಕ್ಕು ಇಳಿಯಿತು, ಸೆಪ್ಟೆಂಬರಿನಲ್ಲಿ ಮೊದಲ ಕಂಬಿ. ಮೊದಲ ಆರ್ಡರ್ 2,000 ಕಂಬಿ, ಕೊಟ್ಟದ್ದು ಪೆನ್ಸಿಲ್ವೇನಿಯಾ ರೈಲು. ಹೆಸರು ಇಟ್ಟದ್ದು ಸಾರ್ಥಕವಾಯಿತು ನೋಡಿ. ಥಾಮ್ಸನ್ ಮಾತ್ರ ನೋಡಲಿಲ್ಲ, 1874ರಲ್ಲೇ ತೀರಿಕೊಂಡಿದ್ದರು. ಕಾರ್ನೆಗಿ ತಾನೇ ಬರೆದುಕೊಂಡ ಪ್ರಕಾರ, ಹೆಸರಿಡುತ್ತೇವೆ ಅಂತ ಕೇಳಿದಾಗ ಥಾಮ್ಸನ್ ಹಿಂಜರಿದಿದ್ದರಂತೆ. ಅಮೆರಿಕದ ಉಕ್ಕಿನ ಕಂಬಿಗೆ ಆಗ ಒಳ್ಳೇ ಹೆಸರೇ ಇರಲಿಲ್ಲ, ಅದರ ಜೊತೆ ನನ್ನ ಹೆಸರು ಯಾಕೆ ಅಂತ.

ನನಗೆ ಈ ಇಡೀ ಕಥೆಯಲ್ಲಿ ಇಷ್ಟವಾದದ್ದು ಜಾಗದ ಆಯ್ಕೆ. ಹೆಸರು ಪೆನ್ಸಿಲ್ವೇನಿಯಾ ರೈಲಿನ ಅಧ್ಯಕ್ಷರದು, ಸರಿ. ಆದರೆ ಕಾರ್ಖಾನೆ ಕೂರಿಸಿದ್ದು ಎಲ್ಲಿ? ಅವರ ರೈಲೂ ಬರುತ್ತದೆ, ಅವರ ಎದುರಾಳಿ ಬಾಲ್ಟಿಮೋರ್ ಅಂಡ್ ಓಹಾಯೋ ರೈಲೂ ಬರುತ್ತದೆ, ಪಕ್ಕದಲ್ಲೇ ನದಿಯೂ ಹರಿಯುತ್ತದೆ, ಅಂಥ ಜಾಗ. ಒಬ್ಬರು ಬಾಡಿಗೆ ಏರಿಸಿದರೆ ಇನ್ನೊಬ್ಬರು, ಇಬ್ಬರೂ ಏರಿಸಿದರೆ ದೋಣಿ. ಕೈ ಮುಗಿದು ಹೆಸರಿಟ್ಟ, ಜುಟ್ಟು ಮಾತ್ರ ಕೈಗೆ ಕೊಡಲಿಲ್ಲ.

ಬ್ರ್ಯಾಡಕ್‌ಗೆ ನಾವು ಮಾರನೇ ದಿನ ಹೋದೆವು. ಪಿಟ್ಸ್‌ಬರ್ಗಿಗೆ ಹೋದ ಕನ್ನಡಿಗರು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಯೇ ಹೋಗುತ್ತೀರಿ. ಅಲ್ಲಿಂದ ಬ್ರ್ಯಾಡಕ್ ಹತ್ತಿರವೇ. ಪುಳಿಯೋಗರೆ ಮುಗಿಸಿ ಹಾಗೇ ಒಂದು ಸುತ್ತು ಹಾಕಿ. ಕಾರ್ಖಾನೆ ಇನ್ನೂ ಉರಿಯುತ್ತಿದೆ, ಈಗಿನದು ಕಂಬಿ ಮಿಲ್ ಅಲ್ಲ, ಉಕ್ಕಿನ ಹಲಗೆ ಮಾಡುತ್ತಾರೆ. 2025ರಲ್ಲಿ ಅದರ ಒಡೆಯರಾದ ಯು.ಎಸ್. ಸ್ಟೀಲ್ ಕಂಪನಿ ಜಪಾನಿನ ನಿಪ್ಪಾನ್ ಸ್ಟೀಲ್ ಕೈಗೆ ಹೋಯಿತು. ಒಳಗೆ ಬಿಡಲ್ಲ, ರಸ್ತೆಯಿಂದಲೇ ನೋಡಬೇಕು. ಊರು ಮಾತ್ರ ಸೊರಗಿದೆ. ಮುಚ್ಚಿದ ಅಂಗಡಿಗಳ ಸಾಲು ಕಂಡು ಅಮ್ಮ "ನಮ್ಮ ಭದ್ರಾವತಿ ಪೇಪರ್ ಟೌನ್ ಥರಾನೇ ಇದೆಯಲ್ಲೋ" ಅಂದರು. ಹೌದು, ಥೇಟ್. ಅಲ್ಲೇ ಕಾರ್ನೆಗಿ ಅಮೆರಿಕದಲ್ಲಿ ಕಟ್ಟಿಸಿದ ಮೊದಲ ಲೈಬ್ರರಿ ಇದೆ, 1889ರದ್ದು. ಕಾರ್ಖಾನೆಯ ಕೆಲಸಗಾರರು ಬಂದು ಮೈ ತೊಳೆಯಲಿ ಅಂತ ಅದರಲ್ಲಿ ಸ್ನಾನದ ಮನೆಯೂ ಇತ್ತು. ಪುಸ್ತಕ ಓದಲು ಪುರುಸೊತ್ತು ಎಲ್ಲಿತ್ತು ಅನ್ನುವುದು ಬೇರೆ ಪ್ರಶ್ನೆ. ಇಲ್ಲಿನ ಮ್ಯಾನೇಜರ್ ಕ್ಯಾಪ್ಟನ್ ಬಿಲ್ ಜೋನ್ಸ್ ಮೊದಲು ಎಂಟು ಗಂಟೆ ಪಾಳಿ ನಡೆಸಿದ್ದರು, ದಣಿದವನಿಂದ ಕೆಲಸ ಆಗಲ್ಲ ಅನ್ನುವ ನಂಬಿಕೆ ಅವರದು. 1888ರಲ್ಲಿ ಅದು ಹೋಗಿ ಹನ್ನೆರಡು ಗಂಟೆ ಮತ್ತೆ ಬಂತು. ಮುಂದಿನ ವರ್ಷ ಜೋನ್ಸ್ ಇದೇ ಕಾರ್ಖಾನೆಯಲ್ಲಿ ಕುಲುಮೆ ಒಡೆದು ಸತ್ತರು. ಅಪ್ಪನಿಗೆ ಇದು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನದಿಯ ಆಚೆ ದಡದಲ್ಲಿ ಹೋಮ್‌ಸ್ಟೆಡ್ ಇದೆ, 1892ರಲ್ಲಿ ಮುಷ್ಕರ ಮಾಡಿದವರಿಗೂ ಕಂಪನಿ ಕರೆಸಿದ ಪಿಂಕರ್ಟನ್ ಬಂದೂಕಿನವರಿಗೂ ಕಾಳಗ ನಡೆದು ಎರಡೂ ಕಡೆ ಹೆಣ ಬಿದ್ದ ಜಾಗ. ಅದರ ಎದುರಿಗೆ, ಈಚೆ ದಡದಲ್ಲಿ ಕ್ಯಾರಿ ಕುಲುಮೆಗಳು. 1907ರ ಎರಡು ಬ್ಲಾಸ್ಟ್ ಫರ್ನೇಸ್ ತುಕ್ಕು ಹಿಡಿದು ಹಾಗೇ ನಿಂತಿವೆ, 92 ಅಡಿ ಎತ್ತರ. ಟಿಕೆಟ್ ತಗೊಂಡರೆ ಗೈಡ್ ಜೊತೆ ಒಳಗೆಲ್ಲ ಸುತ್ತಿಸುತ್ತಾರೆ, ಬೇಸಿಗೆ ತಿಂಗಳುಗಳಲ್ಲಿ. ಅಲ್ಲಿ ಕರಗಿದ ಕಬ್ಬಿಣವನ್ನು ರೈಲು ಬಂಡಿಯಲ್ಲಿ ತುಂಬಿ, ಸೇತುವೆ ದಾಟಿಸಿ, ಬಿಸಿ ಬಿಸಿಯಾಗೇ ಹೋಮ್‌ಸ್ಟೆಡ್‌ಗೆ ಒಯ್ಯುತ್ತಿದ್ದರು. ಮಂಡಿ ನೋವಿನವರು ಯೋಚಿಸಿ ಹೋಗಿ, ಮೆಟ್ಟಿಲು, ಜಲ್ಲಿಕಲ್ಲು ಜಾಸ್ತಿ. ಅಮ್ಮ ಕಾರಿನಲ್ಲೇ ಕೂತರು.

ಕಂಬಿಯ ಆಕಾರದ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಮೇಜಿನ ಮೇಲೆ ನಿಲ್ಲಿಸಿದರೆ ಅದು ಎಷ್ಟು ಚಂದ ನಿಲ್ಲುತ್ತದೆ ಅನ್ನುವುದು ಕೊಳ್ಳುವವರಿಗೆ ಮುಖ್ಯ. ತಲೆ ದಪ್ಪ, ಸೊಂಟ ಸಣ್ಣ, ಪಾದ ಅಗಲ. ನನ್ನದರ ಎತ್ತರ, ಪಾದದ ಅಗಲ ಎರಡೂ ಐದು ಇಂಚಿನ ಮೇಲೆ ಚೂರು, ಹೆಚ್ಚುಕಡಿಮೆ ಒಂದೇ. ಈ ಚಪ್ಪಟೆ ಪಾದದ ಕಂಬಿ ಅಮೆರಿಕದವರ ಐಡಿಯಾ. 1830ರಲ್ಲಿ ರಾಬರ್ಟ್ ಸ್ಟೀವನ್ಸ್ ಅನ್ನುವ ಎಂಜಿನಿಯರ್ ನ್ಯೂಜೆರ್ಸಿಯ ರೈಲಿಗೆ ಕಂಬಿ ಕೊಳ್ಳಲು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಮರದ ತುಂಡಿನಲ್ಲಿ ಕೆತ್ತಿ ರೂಪ ಮಾಡಿದರಂತೆ. ಪಾದ ಅಗಲ ಇದ್ದರೆ ಮರದ ದಿಮ್ಮಿಗೆ ಮೊಳೆ ಹೊಡೆದು ಕೂರಿಸಿದರಾಯಿತು, ಕಂಬಿಯನ್ನು ಹಿಡಿದು ಕೂರಿಸುವ ಬೇರೆ ಕಬ್ಬಿಣದ ಕುರ್ಚಿ ಗಿರ್ಚಿ ಬೇಡ. ಆದರೆ ಅದನ್ನು ಎಳೆದುಕೊಡುವ ಮಿಲ್ ಆಗ ಅಮೆರಿಕದಲ್ಲಿ ಇರಲಿಲ್ಲ, ಬ್ರಿಟನ್ನಿನಲ್ಲೇ ಮಾಡಿಸಬೇಕಾಯಿತು. ಇಲ್ಲಿ ಆಗ ಮರದ ದಿಮ್ಮಿಯ ಮೇಲೆ ಕಬ್ಬಿಣದ ಪಟ್ಟಿ ಬಡಿದು ಹಳಿ ಅನ್ನುತ್ತಿದ್ದ ಕಾಲ. ಮೊಳೆ ಸಡಿಲವಾಗಿ ಪಟ್ಟಿ ಹಾವಿನ ಹೆಡೆಯ ಹಾಗೆ ಎದ್ದು ಬೋಗಿಯ ತಳ ತೂರಿ ಒಳಗೆ ಬರುತ್ತಿತ್ತು. ಅದಕ್ಕೆ ಹಾವಿನ ತಲೆ ಅಂತಲೇ ಹೆಸರು.

ತೂಕ. ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಇಟ್ಟೆ, ಚೂರು ಹೆಚ್ಚಿನ ಉದ್ದ ಕಳೆದು ಲೆಕ್ಕ ಹಾಕಿದರೆ ಅಡಿಗೆ 28 ಪೌಂಡ್ ಹತ್ತಿರ. ಕಂಬಿಯ ಲೆಕ್ಕ ಗಜಕ್ಕೆ. ಮೂರರಿಂದ ಗುಣಿಸಿ, ಸವೆದದ್ದು ಸೇರಿಸಿ, 85 ಪೌಂಡಿನ ಕಂಬಿ ಇರಬೇಕು. ನಮ್ಮ ಲೆಕ್ಕದಲ್ಲಿ ತುಂಡು 13 ಕೆಜಿ. ಒಂದು ಕೈಯಲ್ಲಿ ಎತ್ತಿಕೊಂಡು ಹೀರೋ ಥರ ಬರುತ್ತೇನೆ ಅಂತ ಹೋಗಬೇಡಿ. ನನ್ನ ಹೆಬ್ಬೆರಳಿನ ಉಗುರು ಇನ್ನೂ ನೀಲಿ ಇದೆ.

ಬೆಲೆಯ ತಮಾಷೆ ಕೇಳಿ. 1867ರಲ್ಲಿ ಉಕ್ಕಿನ ಕಂಬಿಗೆ ಟನ್ನಿಗೆ ಸುಮಾರು 166 ಡಾಲರ್ ಇತ್ತು. 1898ಕ್ಕೆ 18 ಡಾಲರಿಗೂ ಕೆಳಗೆ ಬಂತು. ದರ ಹೀಗೆ ಇಳಿಸಿದವರಲ್ಲಿ ಕಾರ್ನೆಗಿ ಮುಂದೆ, ಪ್ರತಿ ಟನ್ನಿಗೆ ಎಷ್ಟು ಖರ್ಚಾಯಿತು ಅಂತ ಲೆಕ್ಕ ಇಡುವ ಅಭ್ಯಾಸ ಅವನಿಗೆ ರೈಲಿನಿಂದಲೇ ಬಂದದ್ದು. 1898ರ ದರದಲ್ಲಿ ನನ್ನ 70 ಡಾಲರಿಗೆ ನಾಲ್ಕು ಟನ್ ಕಂಬಿ ಬರುತ್ತಿತ್ತು. ನನಗೆ ಸಿಕ್ಕಿದ್ದು 13 ಕೆಜಿ. ಆಗಿನ ಡಾಲರ್ ಬೇರೆ, ಈಗಿನದು ಬೇರೆ, ಗೊತ್ತು. ಆದರೂ ಹೊಟ್ಟೆ ಉರಿಯುತ್ತದೆ.

ಇನ್ನು 1911 ಅನ್ನುವ ಅಂಕಿ. ಮೊದಲು ಸಿಟ್ಟು ಬಂದಿತ್ತು, ಈಗ ಅದೇ ಇಷ್ಟ. ಯಾಕೆಂದರೆ ಕಾರ್ನೆಗಿ 1901ರಲ್ಲೇ ಎಲ್ಲ ಮಾರಿ ಎದ್ದುಹೋಗಿದ್ದ. ಬ್ಯಾಂಕರ್ ಜೆ. ಪಿ. ಮಾರ್ಗನ್ 480 ಮಿಲಿಯನ್ ಡಾಲರಿಗೆ ಕೊಂಡು ಯು.ಎಸ್. ಸ್ಟೀಲ್ ಕಟ್ಟಿದರು. ಹತ್ತು ವರ್ಷ ಆದ ಮೇಲೂ ಕಂಬಿಯ ಮೇಲೆ ಕಾರ್ನೆಗಿ ಹೆಸರು, ಸತ್ತು 37 ವರ್ಷ ಆದ ರೈಲು ಅಧ್ಯಕ್ಷರ ಇನಿಶಿಯಲ್ಲು. ಮಾಲೀಕ ಹೋದರೂ ಬೋರ್ಡು ಉಳಿಯುತ್ತದೆ, ನಮ್ಮ ಹಳೇ ಹೋಟೆಲುಗಳ ಹಾಗೆ. ಇನ್ನೊಂದು, ಬೆಸೆಮರ್ ಕಂಬಿಯ ಕಾಲ ಮುಗಿದು ಓಪನ್ ಹಾರ್ತ್ ಅನ್ನುವ, ನಿಧಾನಕ್ಕೆ ಕಾಯಿಸಿ ಉಕ್ಕು ಮಾಡುವ ಅಗಲ ಕುಲುಮೆಯ ಕಂಬಿ ಮುಂದೆ ಹೋದದ್ದು ಇದೇ ಹೊತ್ತಿನಲ್ಲಿ. ಗಾಳಿ ಊದುವ ದಾರಿಯಲ್ಲಿ ರಂಜಕ ಹೋಗುತ್ತಿರಲಿಲ್ಲ, ಅದು ಉಳಿದರೆ ಉಕ್ಕು ಪೆಡಸು. ಎಂಜಿನ್‌ಗಳು ದೊಡ್ಡವಾದಂತೆ ಕಂಬಿ ಮುರಿಯುವುದೂ ಜಾಸ್ತಿಯಾಗಿ ರೈಲಿನವರು, ಉಕ್ಕಿನವರು ಒಬ್ಬರ ಮೇಲೊಬ್ಬರು ಹಾಕುತ್ತಿದ್ದರು. ಗಾಲಿಯ ಭಾರ ಜಾಸ್ತಿ ಅಂತ ಇವರು, ನಿಮ್ಮ ಉಕ್ಕೇ ಸರಿಯಿಲ್ಲ ಅಂತ ಅವರು. ಅದೇ 1911ರ ಆಗಸ್ಟಿನಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಹತ್ತಿರ ಕಂಬಿ ತುಂಡಾಗಿ ರೈಲು ಸೇತುವೆಯಿಂದ ಬಿದ್ದು 29 ಜನ ಸತ್ತರು. ಕಂಬಿಯ ತಲೆಯೊಳಗೆ ಹೊರಗೆ ಕಾಣದ ಸೀಳು ಇತ್ತು. ನನ್ನ ತುಂಡಿನ ಕತ್ತರಿಸಿದ ಮುಖವನ್ನು ಮರಳು ಕಾಗದದಲ್ಲಿ ಕನ್ನಡಿಯ ಹಾಗೆ ಉಜ್ಜಿ ನೋಡಿದೆ. ಅಂಥದ್ದೇನೂ ಕಾಣಲಿಲ್ಲ. ನೋಡಲು ಬಹಳ ಚಂದ, ಬೂದು ಬಣ್ಣದ ಮೇಲೆ ನೀಲಿ ಛಾಯೆ. ಬೇಗ ತುಕ್ಕು ಬರುತ್ತದೆ, ವಾರಕ್ಕೊಮ್ಮೆ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಸಾಕು.

ವಾಪಸ್ ಬರುವಾಗ ಟರ್ನ್‌ಪೈಕ್ ಹೈವೇಯಲ್ಲಿ ಬಂದೆವು, ಟೋಲ್ ಕೇಳಿದರೆ ಎದೆ ಒಡೆಯುತ್ತದೆ. ಆದರೆ ಡಿಕ್ಕಿಯಲ್ಲಿ ಈ ಕಂಬಿ ಇಟ್ಟುಕೊಂಡು ಅದರ ಸುರಂಗಗಳಲ್ಲಿ ಹೋಗುವುದರಲ್ಲಿ ಒಂದು ಮಜಾ ಇದೆ. 1880ರ ದಶಕದಲ್ಲಿ ಕಾರ್ನೆಗಿಗೆ ಪೆನ್ಸಿಲ್ವೇನಿಯಾ ರೈಲಿನ ಬಾಡಿಗೆ ಕಂಡು ಮೈ ಉರಿದು, ನ್ಯೂಯಾರ್ಕ್ ಸೆಂಟ್ರಲ್ ರೈಲಿನ ವ್ಯಾಂಡರ್‌ಬಿಲ್ಟ್ ಜೊತೆ ಸೇರಿ ಬೆಟ್ಟಗಳ ಮಧ್ಯೆ ಎದುರು ಹಳಿ ಹಾಕಲು ಹೊರಟ. ಸೌತ್ ಪೆನ್ಸಿಲ್ವೇನಿಯಾ ರೈಲು ಅಂತ ಹೆಸರು. ಸುರಂಗ ಕೊರೆಯುವುದು ಅರ್ಧ ಆಗಿತ್ತು. 1885ರಲ್ಲಿ ಮಾರ್ಗನ್ ಎರಡೂ ರೈಲಿನ ದೊಡ್ಡವರನ್ನು ತಮ್ಮ ವಿಹಾರ ದೋಣಿಯಲ್ಲಿ ಕೂರಿಸಿಕೊಂಡು ಹಡ್ಸನ್ ನದಿಯಲ್ಲಿ ಸುತ್ತಿಸಿ, ರಾಜಿ ಮಾಡಿಸಿ ಇಳಿಸಿದರು. ಕೆಲಸ ನಿಂತಿತು. ಆ ಅರ್ಧಂಬರ್ಧ ಸುರಂಗಗಳನ್ನೇ ಅಗೆದು 1940ರಲ್ಲಿ ಟರ್ನ್‌ಪೈಕ್ ಮಾಡಿದ್ದು. ಬ್ಲೂ ಮೌಂಟನ್, ಕಿಟಟಿನಿ ಸುರಂಗ ಒಂದರ ಹಿಂದೆ ಒಂದು ಬರುತ್ತವಲ್ಲ, ಅವು ರೈಲಿಗೆ ಅಂತ ಕೊರೆದವು. ಹೆಸರಿಟ್ಟು ಓಲೈಸಿದ ಕಂಪನಿಯ ವಿರುದ್ಧವೇ ತೊಡೆ ತಟ್ಟಿದ್ದ ಆಸಾಮಿ.

ಬಳಕೆ ಹೇಗಿದೆ ಅಂತ ಕೇಳುವವರಿಗೆ: ಗ್ಯಾರೇಜಿನಲ್ಲಿ ಅಡಿಗಲ್ಲಾಗಿ ಅದ್ಭುತ. ಮೊಳೆ ನೇರ ಮಾಡಲು, ವಾಲ್‌ನಟ್ ಒಡೆಯಲು, ಬೆಲ್ಲದ ಅಚ್ಚು ಪುಡಿ ಮಾಡಲು. ಅಮ್ಮ ತುಕ್ಕು ಅಂತ ಬೈದವರು ಈಗ ತೆಂಗಿನಕಾಯಿ ಒಡೆಯುವುದು ಇದರ ಮೇಲೆಯೇ, ಸವೆದ ಅಂಚಿಗೆ ಸರಿಯಾಗಿ ಕುಟ್ಟಿದರೆ ಎರಡೇ ಏಟಿಗೆ ಸಮ ಹೋಳು. ಆಯುಧ ಪೂಜೆಗೆ ಕಾರಿನ ಜೊತೆ ಇದಕ್ಕೂ ಅರಿಶಿನ ಕುಂಕುಮ, ಒಂದು ಸೇವಂತಿಗೆ ಬಿತ್ತು.

ಕೊಳ್ಳುವ ಮನಸ್ಸಿದ್ದರೆ ಬ್ರಷ್ ಜೊತೆಗೇ ಹೋಗಿ. ಚೀಟಿ ಓದಬೇಡಿ, ಕಂಬಿಯ ಸೊಂಟ ಓದಿ. ಗೆರೆಗಳು ಪೂರ್ತಿ ಇವೆಯಾ ನೋಡಿ. ರಸೀದಿ ಕೇಳಿ ತಗೊಳ್ಳಿ, ಹಳಿ ಪಕ್ಕ ಬಿದ್ದಿದೆ ಅಂತ ಎತ್ತಿಕೊಂಡು ಬಂದರೆ ಅದು ಕಳ್ಳತನ, ಪೊಲೀಸರು ಬಿಡಲ್ಲ. ಆನ್‌ಲೈನ್‌ನಲ್ಲಿ ತರಿಸಿದರೆ ಕಂಬಿಗಿಂತ ಕೊರಿಯರ್ ಖರ್ಚು ಜಾಸ್ತಿ. ಐದಕ್ಕೆ ಮೂರೂವರೆ ಸ್ಟಾರ್. ಗೆರೆಗೆ ಒಂದು ಹೋಯಿತು, ಚೀಟಿಗೆ ಅರ್ಧ.

ಗಂಟೆಯ ವಿಷಯ ಮರೆತೆ. ಕೊಂಡದ್ದೇ ಅದಕ್ಕಲ್ವಾ? ತುಂಡಿನಲ್ಲಿ ತೂತಿಲ್ಲ. ಕಂಬಿಯ ತುದಿಯಾಗಿದ್ದರೆ ಬೋಲ್ಟ್ ಹಾಕುವ ತೂತು ಇರುತ್ತಿತ್ತು, ಇದು ನಡುವಿನ ತುಂಡು. ಎರಡು ಡ್ರಿಲ್ ಬಿಟ್ ಮುರಿದುಕೊಂಡೆ, ಚುಕ್ಕೆಯಷ್ಟೂ ಇಳಿಯಲಿಲ್ಲ. ಕೊನೆಗೆ ಸೊಂಟಕ್ಕೆ ತಂತಿ ಸುತ್ತಿ ಗ್ಯಾರೇಜಿನ ತೊಲೆಗೆ ನೇತುಹಾಕಿ, ಅಪ್ಪನಿಗೆ ಫೋನ್ ಹಚ್ಚಿ, ಸ್ಪ್ಯಾನರಿನಿಂದ ಬಾರಿಸಿದೆ. ಟಿಣ್ ಅಂತು. ಢಣ್ ಅನ್ನಲಿಲ್ಲ. ಅಪ್ಪ ಕಣ್ಣು ಮುಚ್ಚಿ ಕೇಳಿ, "ಗಿಡ್ಡ ಆಯ್ತು ಕಣೋ, ಶಾಲೇದು ಎರಡೂವರೆ ಅಡಿ ಇತ್ತು" ಅಂದರು. ಆಮೇಲೆ ಒಂದು ವಿಷಯ ಹೇಳಿದರು. ನಮ್ಮ ಭದ್ರಾವತಿ ಕಾರ್ಖಾನೆ ಶುರುವಾಗುವಾಗ ಸಲಹೆ ಕೊಟ್ಟವರೂ ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಅನ್ನುವ ಎಂಜಿನಿಯರುಗಳಂತೆ, 1923ರಲ್ಲಿ ಮೊದಲ ಕುಲುಮೆ ಹೊತ್ತಿದ್ದು ಕಲ್ಲಿದ್ದಲಿಂದಲ್ಲ, ಕಾಡಿನ ಸೌದೆ ಇದ್ದಿಲಿಂದ. "ಬರುವ ತಿಂಗಳು ನಿಮ್ಮಮ್ಮನ ಬ್ಯಾಗಲ್ಲಿ ಕಳಿಸು, ಇಲ್ಲಿ ಗೇಟಿಗೆ ಕಟ್ತೀನಿ" ಅಂದರು.

ಬ್ಯಾಗಿಗೆ 23 ಕೆಜಿ ಮಿತಿ. ಬಾದಾಮಿ, ಪಿಸ್ತಾ, ಮೊಮ್ಮಕ್ಕಳ ಹಳೇ ಸ್ವೆಟರ್ ಸೇರಿ ಈಗಲೇ 19 ಆಗಿದೆ. ಅಮ್ಮ ಪಿಸ್ತಾ ತೆಗೆಯಲು ಒಪ್ಪುತ್ತಿಲ್ಲ.